ಸ್ಪಾರಿಂಗ್ ಪ್ಯಾಡು, ಮಂಗಳೂರಿನ ಬೆವರು

ಬಿಜೈಯ ಒಂದು ಸಣ್ಣ ಹಾಲ್‌ನಲ್ಲಿ ನಾನು ಮಕ್ಕಳಿಗೆ ಕರಾಟೆ ಕಲಿಸುತ್ತೇನೆ. ಸ್ಪಾರಿಂಗ್ ಶುರು ಮಾಡುವ ಹಂತ ಬಂದಾಗ, ಅಂದರೆ ಇಬ್ಬರು ಎದುರುಬದುರು ನಿಂತು ನಿಜಕ್ಕೂ ಕೈಕಾಲು ಬೀಸುವ ಹೊತ್ತು ಬಂದಾಗ, ಅಪ್ಪ ಅಮ್ಮಂದಿರು ಕೇಳುವುದು ಒಂದೇ ಪ್ರಶ್ನೆ. "ಟೀಚರ್, ತಲೆಗೆ ಹೆಲ್ಮೆಟ್ ಉಂಟಲ್ವಾ?" ಉಂಟು. ಆದರೆ ನಾನು ಕೊಳ್ಳಿಸುವ ಸಾಮಾನಿನಲ್ಲಿ ಅದು ಕೊನೆಯದ್ದು.

ಮೊದಲಿನದ್ದು ಮೌತ್‌ಗಾರ್ಡ್, ಅಂದರೆ ಹಲ್ಲು ಕಾಪಾಡಲು ಬಾಯೊಳಗೆ ಕಚ್ಚಿಕೊಳ್ಳುವ ಅಚ್ಚು. ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚುವ ಬಗೆಯದ್ದು ಸಾಕು, ಬೆಲೆಯೂ ಕಡಿಮೆ. ಮನೆಯಲ್ಲಿ ಮಾಡಿಕೊಂಡು ಬನ್ನಿ ಅಂದರೆ ಅರ್ಧ ಮಕ್ಕಳದ್ದು ವಕ್ರವಾಗಿರುತ್ತದೆ. ಹಾಗಾಗಿ ಹಾಲ್‌ನಲ್ಲೇ ಕೆಟಲ್ ಇಟ್ಟುಕೊಂಡಿದ್ದೇನೆ. ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು ಬಿಸಿನೀರಲ್ಲಿ ಮುಳುಗಿಸಿ, ಬಾಯಿ ಸುಡದಂತೆ ಒಂದು ಕ್ಷಣ ಆರಿಸಿ, ಮೇಲಿನ ಹಲ್ಲಿಗೆ ಕೂರಿಸುತ್ತೇನೆ. ಮಗು ಕಚ್ಚಬೇಕು, ನಾಲಿಗೆ ಮೇಲಕ್ಕೆ ಒತ್ತಬೇಕು, ಗಾಳಿ ಒಳಕ್ಕೆ ಹೀರಬೇಕು. ಹೊರಗಿನಿಂದ ತುಟಿಯ ಮೇಲೆ ಬೆರಳಿಟ್ಟು ನಾನು ಒತ್ತುತ್ತೇನೆ. ತಣ್ಣೀರಲ್ಲಿ ಅದ್ದಿ ಮತ್ತೆ ಹಾಕಿಸಿ ಬಾಯಿ ತೆರೆಸುತ್ತೇನೆ. ಉದುರಬಾರದು. ಆಮೇಲೆ ಜಪಾನಿ ಭಾಷೆಯಲ್ಲಿ ಇಚಿ, ನಿ, ಸಾನ್ (ಒಂದು, ಎರಡು, ಮೂರು) ಅಂತ ಎಣಿಸಲು ಹೇಳುತ್ತೇನೆ. ಎಣಿಕೆ ಸರಿಯಾಗಿ ಕೇಳಿಸಿದರೆ ಉಸಿರಾಟಕ್ಕೂ ಅಡ್ಡಿಯಿಲ್ಲ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳಿಗೆ ಮಾತ್ರ ಇದು ಬೇಡ, ಮೆತ್ತಗಾದದ್ದು ತಂತಿಗೆ ಕಚ್ಚಿಕೊಳ್ಳುತ್ತದೆ. ಅವರನ್ನು ಹಲ್ಲಿನ ಡಾಕ್ಟರ ಹತ್ತಿರ ಕಳಿಸುತ್ತೇನೆ. ಮಂಗಳೂರಲ್ಲಿ ಹಲ್ಲಿನ ಡಾಕ್ಟರಿಗೇನು ಬರವೇ!

ಇನ್ನು ಗ್ಲೌಸ್. ಎದುರಿನವನಿಗೆ ಪೆಟ್ಟಾಗದಿರಲಿ ಅಂತ ಗ್ಲೌಸ್ ಹಾಕುವುದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಜಾಸ್ತಿ ಕಾಪಾಡುವುದು ಹೊಡೆಯುವವನ ಕೈಯನ್ನೇ. ತಲೆಬುರುಡೆ ಗಟ್ಟಿ, ಕೈಯ ಎಲುಬು ಸಪೂರ. ಬರಿಗೈಯಲ್ಲಿ ತಲೆಗೆ ಗುದ್ದಿದರೆ ಕಿರುಬೆರಳಿನ ಬುಡದ ಎಲುಬು ಮುರಿಯುವ ಸಂಭವ ಜಾಸ್ತಿ. ಆ ಹೆದರಿಕೆಗೇ ಕೈ ಸ್ವಲ್ಪ ಹಿಂಜರಿಯುತ್ತದೆ. ದಪ್ಪ ಗ್ಲೌಸ್ ಹಾಕಿದ ಕೂಡಲೇ ಹೆದರಿಕೆ ಹೋಯಿತು, ಪೆಟ್ಟು ಜೋರಾಯಿತು. ನಮ್ಮ ಹಾಲ್‌ನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಮಿಟ್, ಅಂದರೆ ಕರಾಟೆಯ ತೆಳು ಗ್ಲೌಸ್, ಹಾಕಿದಾಗ ಅಳೆದು ಮುಟ್ಟುವ ಹುಡುಗನೇ, ಅಣ್ಣನ ಬಾಕ್ಸಿಂಗ್ ಗ್ಲೌಸ್ ತಂದ ದಿನ ಗೂಳಿಯಾದ.

ಬಾಕ್ಸಿಂಗ್‌ನವರು ಸ್ಪಾರಿಂಗ್‌ಗೆ 16 ಔನ್ಸಿನ, ಅಂದರೆ ಹತ್ತಿರ ಹತ್ತಿರ 450 ಗ್ರಾಂ ತೂಗುವ ಗ್ಲೌಸ್ ಹಾಕುವುದು ವಾಡಿಕೆ. ಅವರ ಆಟಕ್ಕೆ ಅದು ಸರಿ. ನಮ್ಮದರಲ್ಲಿ ನಾವು ಹೊಡೆಯುವ ಪೆಟ್ಟನ್ನು ನಾವೇ ತಡೆದು ನಿಲ್ಲಿಸುವುದೇ ಕಲಿಕೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಕರಾಟೆ ಫೈನಲ್ ನೋಡಿದವರಿಗೆ ನೆನಪಿರಬಹುದು. ಸೌದಿಯ ತಾರೆಗ್ ಹಮೇದಿ ಮುಂದಿದ್ದರು. ಅವರ ಒದೆತಕ್ಕೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಚಿನ್ನ ಸಿಕ್ಕಿದ್ದು ಬಿದ್ದವರಿಗೆ. ಹತೋಟಿ ಇಲ್ಲದ ಪೆಟ್ಟು ಅಂತ ಹಮೇದಿಯನ್ನು ಅನರ್ಹ ಮಾಡಿದರು. ನನ್ನ ದೊಡ್ಡ ಮಕ್ಕಳಿಗೆ ಈ ಕತೆ ಬಾಯಿಪಾಠ.

ಹಾಗಾಗಿ ಮಿಟ್ ಆರಿಸುವಾಗ ದಪ್ಪ ನೋಡುವುದಿಲ್ಲ, ಮುಷ್ಟಿ ಮಾಡಿಸಿ ನೋಡುತ್ತೇನೆ. ಬೆರಳು ಪೂರ್ತಿ ಮಡಚಬೇಕು, ಹೆಬ್ಬೆರಳು ಮೇಲಿಂದ ಬಂದು ಬೀಗ ಹಾಕಬೇಕು. "ಬೆಳೆಯುವ ಮಗು ಟೀಚರ್, ಒಂದು ಸೈಜ್ ದೊಡ್ಡದು ಇರಲಿ" ಅನ್ನುವವರಿಗೆ ಚಪ್ಪಲಿಗಾದರೆ ಸರಿ, ಇದಕ್ಕೆ ಬೇಡ ಅನ್ನುತ್ತೇನೆ. ದೊಡ್ಡ ಮಿಟ್ಟಿನೊಳಗೆ ಮುಷ್ಟಿ ಮುಚ್ಚುವುದಿಲ್ಲ, ಅರ್ಧ ಮಡಚಿದ ಬೆರಳಿಗೇ ಪೆಟ್ಟು ಬಿದ್ದು ಉಳುಕುತ್ತದೆ. ವೆಲ್ಕ್ರೋದ ಕೊನೆಯನ್ನೂ ನೋಡಿ. ಅದರ ಒರಟು ಬದಿ ಹೊರಗೆ ಇಣುಕಿದರೆ ಎದುರಿನವರ ಕೆನ್ನೆ ತರಚುತ್ತದೆ. ಮೇಲೆ ಒಂದು ಸುತ್ತು ಟೇಪ್ ಹಾಕಿಸುತ್ತೇನೆ.

ಈಗ ಹೆಲ್ಮೆಟ್. ಹುಬ್ಬು ಸೀಳುವುದು, ಕಿವಿ ಜಜ್ಜುವುದು, ಬಾವು, ಇವಕ್ಕೆಲ್ಲ ಅದು ಒಳ್ಳೆಯದೇ. ಆದರೆ ತಲೆ ಗಿರ್ರನೆ ತಿರುಗಿದಾಗ ಒಳಗೆ ಮಿದುಳು ಅಲುಗಾಡುವುದನ್ನು ಹೊರಗಿನ ಫೋಮ್ ತಡೆಯಲಾರದು. 1984ರಿಂದ ಒಲಿಂಪಿಕ್ ಬಾಕ್ಸಿಂಗ್‌ನಲ್ಲಿದ್ದ ಹೆಡ್‌ಗಾರ್ಡನ್ನು ಗಂಡಸರ ವಿಭಾಗದಲ್ಲಿ 2013ರಲ್ಲಿ ತೆಗೆದರು. 2016ರ ರಿಯೋದಲ್ಲಿ ಅವರು ಬರಿತಲೆಯಲ್ಲೇ ಆಡಿದರು. ಆ ನಿರ್ಧಾರದ ಬಗ್ಗೆ ಜಗಳ ಈಗಲೂ ಉಂಟು, ಗಾಯ ಜಾಸ್ತಿಯಾಯಿತು ಅನ್ನುವವರೂ ಇದ್ದಾರೆ. ನಾನು ಮಕ್ಕಳಿಗೆ ಹಾಕಿಸುತ್ತೇನೆ, ಅದೂ ಕೆನ್ನೆ ಮುಚ್ಚದ್ದು. ಕೆನ್ನೆಯ ಪ್ಯಾಡ್ ದಪ್ಪ ಇದ್ದರೆ ಬದಿಯಿಂದ ಬರುವ ಒದೆತ ಕಾಣುವುದೇ ಇಲ್ಲ. ಮುಖಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಇರುವುದೂ ಬರುತ್ತದೆ. ನಮ್ಮೂರ ಸೆಕೆಯಲ್ಲಿ ಅದರೊಳಗೆ ಮಂಜು ಕಟ್ಟಿ ಎದುರಿನವರೇ ಮಾಯ! ಯಾರಿಗಾದರೂ ತಲೆಗೆ ಜೋರು ಬಿದ್ದರೆ ಆ ದಿನ ಅವರ ಆಟ ಮುಗಿಯಿತು, ಹೆಲ್ಮೆಟ್ ಇರಲಿ ಬಿಡಲಿ. ತಲೆಸುತ್ತು, ವಾಂತಿ, ಮಂಕು ಕಂಡರೆ ಸೀದಾ ಆಸ್ಪತ್ರೆಗೆ.

ಕಾಲಿನ ವಿಷಯ ಬೇಗ ಮುಗಿಸುತ್ತೇನೆ. ಒದೆಯುವವನ ಪಾದದ ಮೇಲ್ಭಾಗ ಎದುರಿನವನ ಮೊಣಕೈಗೆ ತಾಗುವುದೇ ನಮ್ಮಲ್ಲಿ ಜಾಸ್ತಿ. ಆದ್ದರಿಂದ ಮೊಣಕಾಲಿನ ಕೆಳಗೆ ಮುಂದಿನ ಎಲುಬಿಗೆ ಕಟ್ಟುವ ಶಿನ್ ಗಾರ್ಡ್ ಜೊತೆ ಪಾದದ ಪ್ಯಾಡ್ ಕೂಡಿರಲೇಬೇಕು. ಕಾಲುಚೀಲದ ಹಾಗೆ ಎಳೆದುಕೊಳ್ಳುವುದು ಸಣ್ಣವರಿಗೆ ಸುಲಭ, ಆದರೆ ಬೆವರಿಗೆ ತಿರುಗಿಕೊಳ್ಳುತ್ತದೆ. ಹಿಂದೆ ಎರಡು ಪಟ್ಟಿ ಇರುವುದು ಒಳ್ಳೆಯದು.

ಹುಡುಗಿಯರ ಚೆಸ್ಟ್ ಗಾರ್ಡ್ ಬಗ್ಗೆ ಯಾರೂ ಕೇಳುವುದಿಲ್ಲ. ಅಮ್ಮಂದಿರೂ ನಾಚುತ್ತಾರೆ, ಅಂಗಡಿಯಲ್ಲಿ ಗಂಡಸರು ಇರುತ್ತಾರೆ ಅಂತ. ನಾನೇ ಎರಡು ಮೂರು ಸೈಜ್ ತರಿಸಿ ಇಟ್ಟುಕೊಂಡಿದ್ದೇನೆ, ಒಳಕೋಣೆಯಲ್ಲಿ ಹಾಕಿ ನೋಡುತ್ತಾರೆ. ಬೇರೆ ಬೇರೆ ಎರಡು ಬಟ್ಟಲಿಗಿಂತ ಒಂದೇ ಹಲಗೆಯಂತೆ ಇರುವುದು ಪೆಟ್ಟನ್ನು ಚೆನ್ನಾಗಿ ಹರಡುತ್ತದೆ. ಎರಡೂ ಕೈ ಮೇಲೆತ್ತಿಸಿ ನೋಡಬೇಕು. ಕಂಕುಳಲ್ಲಿ ಅಂಚು ಚುಚ್ಚಿದರೆ ಆ ಹುಡುಗಿ ಮುಖ ಕಾಯಬೇಕಾದ ಕೈಗಳನ್ನು ಕೆಳಗಿಳಿಸಿಕೊಂಡೇ ಆಡುತ್ತಾಳೆ. ಹುಡುಗರು ತೊಡೆಸಂದಿಗೆ ಹಾಕುವ ಕಪ್ ಬಗ್ಗೆ ಸೀನಿಯರ್ ಹುಡುಗನೊಬ್ಬ ಹೇಳಿಕೊಡುತ್ತಾನೆ.

ವಾರಕ್ಕೊಮ್ಮೆ ಪ್ಯಾಡೆಲ್ಲ ಬದಿಗಿಡಿಸುತ್ತೇನೆ. ಮೌತ್‌ಗಾರ್ಡ್ ಮಾತ್ರ ಹಾಕಿ, ನಿಧಾನಕ್ಕೆ, ಎದುರಿನವರ ಗಿ, ಅಂದರೆ ಕರಾಟೆಯ ಬಿಳಿ ಉಡುಪು, ಮುಟ್ಟಿ ಕೈ ಹಿಂದಕ್ಕೆ ಎಳೆಯುವ ಆಟ. ದಸರಾ ಮೆರವಣಿಗೆಯಲ್ಲಿ ತಾಲೀಮಿನವರು ದೊಣ್ಣೆ ಬೀಸುವುದನ್ನು ನೋಡಿದ್ದೀರಲ್ಲ, ಮೈಮೇಲೆ ಯಾವ ಪ್ಯಾಡೂ ಇರುವುದಿಲ್ಲ. ಇಬ್ಬರ ನಡುವಿನ ಅಂತರದ ಲೆಕ್ಕವೇ ಕಾಪಾಡುವುದು. ಈ ಆಟದ ಮರುದಿನ ಗ್ಲೌಸ್ ಹಾಕಿದರೂ ಮಕ್ಕಳ ಕೈ ಹಗುರವಾಗಿಯೇ ಇರುತ್ತದೆ.

ಉಳಿದದ್ದು ಬೆವರು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಏನೂ ಒಣಗುವುದಿಲ್ಲ. ಒದ್ದೆ ಪ್ಯಾಡ್ ಬ್ಯಾಗಲ್ಲೇ ಬಿಟ್ಟರೆ ಬೂಸ್ಟು, ಒಬ್ಬರದ್ದು ಇನ್ನೊಬ್ಬರು ಹಾಕಿದರೆ ಹುಳಕಡ್ಡಿ. ಕ್ಲಾಸಿನ ಪ್ಯಾಡ್ ಇಟ್ಟು ಹಂಚುವುದನ್ನು ಅದಕ್ಕೇ ನಿಲ್ಲಿಸಿದೆ, ಅವರವರದ್ದು ಅವರವರಿಗೆ. ಮನೆಗೆ ಹೋದ ಕೂಡಲೇ ಒರೆಸಿ, ಒಳಗೆ ಹಳೆ ಪೇಪರ್ ತುರುಕಿ ಫ್ಯಾನಿನ ಕೆಳಗೆ ನೇತುಹಾಕಬೇಕು. ಉರಿಬಿಸಿಲಿಗೆ ಬೇಡ, ಫೋಮ್ ಮುರುಟುತ್ತದೆ, ರೆಕ್ಸಿನ್ ಸಿಪ್ಪೆ ಏಳುತ್ತದೆ. ವೆಲ್ಕ್ರೋದಲ್ಲಿ ಸಿಕ್ಕಿದ ನೂಲು ತೆಗೆಯಲು ಹಳೆ ಟೂತ್‌ಬ್ರಶ್ ಸಾಕು.

ಕರಾಟೆ ಪರೀಕ್ಷೆ ಹತ್ತಿರ ಬಂದಾಗ ಎಲ್ಲರ ಪ್ಯಾಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಗುಳಿ ಹಾಗೇ ಉಳಿದರೆ ಫೋಮ್ ಸತ್ತಿದೆ ಅಂತ ಅರ್ಥ. ತಮ್ಮನಿಗೆ ಇರಲಿ ಟೀಚರ್ ಅನ್ನುತ್ತಾರೆ. ಕೊಡುವುದಿಲ್ಲ, ಅಲ್ಲೇ ಕತ್ತರಿ ಹಾಕುತ್ತೇನೆ. ವೆಲ್ಕ್ರೋ ಪಟ್ಟಿ ಚೆನ್ನಾಗಿದ್ದರೆ ಬಿಚ್ಚಿಟ್ಟುಕೊಳ್ಳುತ್ತೇನೆ, ಬೇರೆ ಜೋಡಿಗೆ ಹೊಲಿಸಲು ಬರುತ್ತದೆ.