ಪಾಲಿಸಿ ಸರೆಂಡರ್ ಮಾಡಲು ಹೋಗಿ, ಮಾಡದೆ ವಾಪಸ್ ಬಂದಿದ್ದು

2023ರ ಮಾರ್ಚ್ ಕೊನೆಗೆ ಪೀಣ್ಯದಲ್ಲಿ ನಮ್ಮ ಸೆಕ್ಷನ್ ಮುಚ್ಚಿದರು. ಒಂಬತ್ತು ವರ್ಷ ಅಲ್ಲೇ ಕ್ವಾಲಿಟಿಯಲ್ಲಿದ್ದೆ. ಲೆಕ್ಕವನ್ನೇನೋ ಸರಿಯಾಗಿ ಚುಕ್ತಾ ಮಾಡಿದರು. ಬೇಸಿಕ್ 18,000 ಇತ್ತು, ವರ್ಷಕ್ಕೆ 15 ದಿನದಂತೆ ಗ್ರಾಚ್ಯುಟಿ ಸುಮಾರು 93,000 ಬಂತು. ಆದರೆ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಕೊನೆಯ ದಿನಕ್ಕೇ ನಿಂತುಹೋಯಿತು. ಅದು ಇತ್ತು ಅನ್ನೋದೇ ನನಗೆ ಮರೆತುಹೋಗಿತ್ತು, ಹೋದ ಮೇಲೆ ನೆನಪಾಯಿತು!

ಅವತ್ತು ರಾತ್ರಿ ಮಗಳು ಮಲಗಿದ ಮೇಲೆ ನಾನೂ ಹೆಂಡತಿಯೂ ನೋಟ್‌ಬುಕ್ ಇಟ್ಟುಕೊಂಡು ಖರ್ಚು ಬರೆಯಲು ಕೂತೆವು. ಬಾಡಿಗೆ 9,500. ಜೂನ್‌ನಲ್ಲಿ ಸ್ಕೂಲ್ ಫೀಸು. ಅದೇ ಜೂನ್‌ನಲ್ಲಿ, ಅವಧಿ ಮುಗಿದಾಗ ದುಡ್ಡು ವಾಪಸ್ ಕೊಡುವ ಎಂಡೋಮೆಂಟ್ ಪಾಲಿಸಿಗೆ ವರ್ಷದ ಕಂತು 27,000. ಜೊತೆಗೆ ತಿಂಗಳು ತಿಂಗಳು ಟರ್ಮ್ ಪಾಲಿಸಿಗೆ 950 ಕಟ್ ಆಗುತ್ತಿತ್ತು. ನಾನು ಮೊದಲು ಗೀಟು ಹಾಕಿದ್ದು ಈ 950ರ ಮೇಲೆ. ಬದುಕಿದ್ದರೆ ಒಂದು ಪೈಸೆ ವಾಪಸ್ ಬರದ ಪಾಲಿಸಿ, ನಿಲ್ಲಿಸಿದರೆ ಏನು ನಷ್ಟ ಅಂತ.

ಹೆಂಡತಿ ಒಂದೇ ಮಾತು ಕೇಳಿದಳು: "ನಾಳೆ ನಿಮಗೇನಾದರೂ ಆದರೆ ನಮಗೆ ಬರೋದು ಯಾವುದರಿಂದ?" ಕೇಳಲು ಕಷ್ಟವಾಯಿತು, ಆದರೆ ಉತ್ತರ ಅಲ್ಲೇ ಇತ್ತು. ಟರ್ಮ್‌ನಿಂದ 50 ಲಕ್ಷ, ಎಂಡೋಮೆಂಟ್‌ನಿಂದ 5 ಲಕ್ಷ ಮತ್ತು ವರ್ಷ ವರ್ಷ ಸೇರುತ್ತಾ ಬಂದ ಬೋನಸ್ಸು. ನಾನು ನಿಲ್ಲಿಸಲು ಹೊರಟಿದ್ದು ದೊಡ್ಡದನ್ನು. ಬೇಕಾದಾಗ ಇನ್ನೊಂದು ಟರ್ಮ್ ತಗೊಂಡರಾಯಿತು ಅನ್ನೋ ಹಾಗೂ ಇರಲಿಲ್ಲ. ಹೊಸದಾಗಿ ತಗೊಳ್ಳಲು ಹೋದರೆ ಸಂಬಳದ ಸ್ಲಿಪ್ಪೋ ಐಟಿ ರಿಟರ್ನೋ ಕೇಳುತ್ತಾರೆ, ಕೆಲಸ ಇಲ್ಲದವನು ಯಾವ ಸ್ಲಿಪ್ ತೋರಿಸೋದು? ಅದರ ಮೇಲೆ ವಯಸ್ಸು 37, ಹಿಂದಿನ ವರ್ಷದ ಟೆಸ್ಟ್‌ನಲ್ಲಿ ಶುಗರ್ ಅಂಚಿನಲ್ಲಿದೆ ಅಂದಿದ್ದರು. ಹಾಗಾಗಿ ಬ್ಯಾಂಕ್ ಅಕೌಂಟಿನಲ್ಲಿ ಆರು ತಿಂಗಳ 950 ಮುಟ್ಟದೆ ಬಿಟ್ಟೆ. ಕಂತಿನ ದಿನ ದಾಟಿದ ಮೇಲೂ ಕಟ್ಟಲು ಕೊಡುವ ಗ್ರೇಸ್ ತಿಂಗಳ ಕಂತಿಗೆ 15 ದಿನ ಮಾತ್ರ, ವರ್ಷದ ಕಂತಿನ ಹಾಗೆ 30 ದಿನ ಇಲ್ಲ, ಅಕೌಂಟ್ ಖಾಲಿಯಾಗಿ ಬೌನ್ಸ್ ಆದರೆ ಬ್ಯಾಂಕಿನವರ ದಂಡ ಬೇರೆ.

ಉಳಿದಿದ್ದು ಎಂಡೋಮೆಂಟ್. 2016ರಲ್ಲಿ ತಿಪಟೂರಿನ ಸೋದರಮಾವ ಮಾಡಿಸಿದ್ದು. ಅವರೇ ಏಜೆಂಟು, ಬೇಡ ಅನ್ನಲಾಗಲಿಲ್ಲ, ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? 21 ವರ್ಷದ ಪಾಲಿಸಿ, ಏಳು ಕಂತು ಕಟ್ಟಿದ್ದೆ, ಅಂದರೆ 1,89,000. ಫೋನ್ ಮಾಡಿದರೆ ಮಾವ "ಬಿಡಬೇಡ ಕಣೋ, ಕಟ್ಟಿದ್ದೆಲ್ಲ ನೀರಲ್ಲಿ ಹೋಮ" ಅಂದರು. ಸ್ನೇಹಿತನೊಬ್ಬ "ಸರೆಂಡರ್ ಮಾಡಿ, ಅಂದರೆ ಅವಧಿಗೆ ಮೊದಲೇ ಪಾಲಿಸಿ ಮುರಿದು, ಬಂದಿದ್ದನ್ನ ಮ್ಯೂಚುವಲ್ ಫಂಡ್‌ಗೆ ಹಾಕು" ಅಂದ. ಕೆಲಸ ಇಲ್ಲದವನ ಕೈಗೆ ಬಂದ ದುಡ್ಡು ಮ್ಯೂಚುವಲ್ ಫಂಡ್‌ಗೆ ಹೋಗೋದಿಲ್ಲ ಮಾರಾಯ, ದಿನಸಿ ಅಂಗಡಿಗೆ ಹೋಗುತ್ತದೆ.

ಒರಿಜಿನಲ್ ಬಾಂಡು, ಕ್ಯಾನ್ಸಲ್ ಮಾಡಿದ ಚೆಕ್ಕು ಹಿಡಿದುಕೊಂಡು, ಸರೆಂಡರ್ ಮಾಡಿಯೇ ಬರೋದು ಅಂತ ಬ್ರಾಂಚಿಗೆ ಹೋದೆ. ಕೌಂಟರಿನಲ್ಲಿದ್ದ ಮೇಡಂ ಫಾರ್ಮ್ ಕೊಡುವ ಮೊದಲು, "ಮೂರು ಲೆಕ್ಕ ನೋಡಿ ಆಮೇಲೆ ಸೈನ್ ಹಾಕಿ" ಅಂತ ಒಂದು ಚೀಟಿಯ ಹಿಂದೆ ಬರೆದುಕೊಟ್ಟರು. ಇವತ್ತೇ ಸರೆಂಡರ್ ಮಾಡಿದರೆ ಸುಮಾರು 1.2 ಲಕ್ಷ. ಪಾಲಿಸಿ ಚಾಲ್ತಿಯಲ್ಲಿರುವಾಗ ಅದರ ಮೇಲೆ ಸಾಲ ತಗೊಂಡರೆ ಸರೆಂಡರ್ ಮೊತ್ತದ 90%ವರೆಗೆ. ಸುಮ್ನೆ ಕಟ್ಟೋದು ನಿಲ್ಲಿಸಿದರೆ ಪಾಲಿಸಿ ಪೇಯ್ಡ್-ಅಪ್ ಆಗುತ್ತದೆ, ಅಂದರೆ ಕಟ್ಟಿದ ಕಂತುಗಳ ಲೆಕ್ಕಕ್ಕೆ ಮೊತ್ತ ಇಳಿದು ಪಾಲಿಸಿ ಉಳಿಯುತ್ತದೆ: 21 ಕಂತಿನಲ್ಲಿ ಏಳು ಕಟ್ಟಿದ್ದೀನಿ, ಹಾಗಾಗಿ 5 ಲಕ್ಷದ ಮೂರನೇ ಒಂದು ಪಾಲು 1,66,667, ಜೊತೆಗೆ ಅಲ್ಲಿಯವರೆಗೆ ಸೇರಿದ ಬೋನಸ್ ಒಂದೂವರೆ ಲಕ್ಷದಷ್ಟು. ಒಟ್ಟು 3.16 ಲಕ್ಷ, 2037ಕ್ಕೆ. ನಡುವೆ ನಾನು ಸತ್ತರೆ ಅದೇ ಮೊತ್ತ ಮನೆಯವರಿಗೆ. ಮುಂದಿನ ಬೋನಸ್ ಮಾತ್ರ ಇಲ್ಲ.

ಬಸ್ಸಿನಲ್ಲಿ ಬರುವಾಗ ಮೊಬೈಲ್‌ನಲ್ಲೇ ಲೆಕ್ಕ ಹಾಕಿದೆ. ಇವತ್ತಿನ 1.2 ಲಕ್ಷ ಹದಿನಾಲ್ಕು ವರ್ಷದಲ್ಲಿ 3.16 ಲಕ್ಷ ಆಗಬೇಕಾದರೆ ವರ್ಷಕ್ಕೆ ಸುಮಾರು 7% ಬೆಳೆಯಬೇಕು. ಅಂದರೆ ಹೆಚ್ಚುಕಡಿಮೆ ಎಫ್‌ಡಿ, ಹೊಸದಾಗಿ ಒಂದು ರೂಪಾಯಿಯನ್ನೂ ಹಾಕದೆ. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಓಡುತ್ತಿದ್ದಿದ್ದು ಕಟ್ಟಿದ 1.89 ಲಕ್ಷ ಮಾತ್ರ. ಅದರಲ್ಲಿ 69,000 ಆಗಲೇ ಹೋಗಿತ್ತು, ಸರೆಂಡರ್ ಮಾಡಿದರೆ ಅದು ವಾಪಸ್ ಬರಲ್ಲ, ಮುಂದಕ್ಕೆ ಕಟ್ಟಿದರೂ ಬರಲ್ಲ. ಉಳಿದ ಪ್ರಶ್ನೆ ಒಂದೇ: ಈ 1.2 ಲಕ್ಷ ಈಗಲೇ ಕೈಗೆ ಬೇಕೇಬೇಕಾ?

ಬೇಕಿರಲಿಲ್ಲ. ಆಗಿನ ನಿಯಮದಂತೆ ಕೆಲಸ ಬಿಟ್ಟು ಒಂದು ತಿಂಗಳಿಗೆ ಪಿಎಫ್‌ನ 75% ತೆಗೆಯಬಹುದಿತ್ತು. ಅದರಲ್ಲಿ ಸ್ವಲ್ಪ ತೆಗೆದೆ, ಗ್ರಾಚ್ಯುಟಿಯೂ ಇತ್ತು, ಫೀಸು ಎರಡು ಕಂತಿನಲ್ಲಿ ಕಟ್ಟಲು ಸ್ಕೂಲಿನವರು ಒಪ್ಪಿದರು. ಪಾಲಿಸಿ ಮೇಲೆ ಸಾಲವನ್ನೂ ತಗೊಳ್ಳಲಿಲ್ಲ. ಬಡ್ಡಿ ಕಟ್ಟದೆ ಬಿಟ್ಟರೆ ಅದು ಅಸಲಿಗೆ ಸೇರುತ್ತಾ ಹೋಗುತ್ತದೆ. ಕಂತೂ ನಿಂತು, ಸಾಲ ಬೆಳೆದು ಸರೆಂಡರ್ ಮೊತ್ತವನ್ನು ದಾಟಿದರೆ ಪಾಲಿಸಿಯನ್ನೇ ಮುಚ್ಚಿಬಿಡುತ್ತಾರೆ. ಪಿಎಫ್ ಇಲ್ಲದಿದ್ದರೆ ಬಹುಶಃ ತಗೊಳ್ಳುತ್ತಿದ್ದೆ, ಸುಳ್ಳು ಹೇಳಲ್ಲ. ಎರಡನೇ ವರ್ಷವೋ ಮೂರನೇ ವರ್ಷವೋ ಆಗಿದ್ದರಂತೂ ನನ್ನ ಲೆಕ್ಕವೇ ಬೇರೆ ಬರುತ್ತಿತ್ತು, ಅಷ್ಟು ಬೇಗ ನಿಲ್ಲಿಸಿದವರಿಗೆ ಸಿಗೋದು ತೀರಾ ಕಮ್ಮಿ.

ಜೂನ್ ಬಂತು, ಗ್ರೇಸ್‌ನ 30 ದಿನವೂ ಹೋಯಿತು, ಎಂಡೋಮೆಂಟ್ ಕಂತು ಕಟ್ಟಲಿಲ್ಲ, ಪೇಯ್ಡ್-ಅಪ್ ಆಗಲು ಬಿಟ್ಟೆ. ಎದೆ ಸ್ವಲ್ಪ ಡವಡವ ಅಂದಿದ್ದು ನಿಜ. ನವೆಂಬರಿನಲ್ಲಿ ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ. ಟರ್ಮ್ ಒಂದು ತಿಂಗಳೂ ತಪ್ಪಿಲ್ಲ.

ಮಾವ ಈಗಲೂ ಹಬ್ಬಕ್ಕೆ ಹೋದಾಗಲೆಲ್ಲ ಕೇಳುತ್ತಾರೆ, ರಿವೈವಲ್ ಯಾವಾಗ ಅಂತ. ತಪ್ಪಿದ ಮೊದಲ ಕಂತಿನಿಂದ ಐದು ವರ್ಷ ಟೈಮ್ ಇದೆ, ಬಾಕಿ ಕಂತುಗಳನ್ನು ಬಡ್ಡಿ ಸಮೇತ ಕಟ್ಟಿ, ಆರೋಗ್ಯದ ಡಿಕ್ಲರೇಷನ್ ಕೊಟ್ಟರೆ ಮತ್ತೆ ಚಾಲ್ತಿಗೆ ಬರುತ್ತದೆ. "2028ರ ಜೂನ್‌ವರೆಗೆ ಇದೆಯಲ್ಲ ಮಾವ" ಅಂತ ನಾನು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತೇನೆ.