ಡೆಸ್ಕ್‌ಟಾಪ್ ಕಂಪ್ಯೂಟರಿನ ಪೋರ್ಟ್‌ಗಳನ್ನೂ ದೀಪಗಳನ್ನೂ ಗುರುತಿಸುವ ಬಗೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುವವರು ಪಾತ್ರೆಪಡಗಗಳನ್ನು ಎಷ್ಟು ಜೋಪಾನವಾಗಿ ಕಟ್ಟಿದರೂ, ಡೆಸ್ಕ್‌ಟಾಪ್ ಕಂಪ್ಯೂಟರಿನ ವೈರುಗಳನ್ನು ಕೊನೆಯ ಗಳಿಗೆಯಲ್ಲಿ ಒಟ್ಟಿಗೆ ಎಳೆದು ಚೀಲಕ್ಕೆ ತುಂಬಿಬಿಡುತ್ತಾರೆ. ಮಲ್ಲೇಶ್ವರದಿಂದ ವಿದ್ಯಾರಣ್ಯಪುರಕ್ಕೆ ಮನೆ ಬದಲಾಯಿಸಿದ ನನ್ನ ದೊಡ್ಡಮ್ಮ ಮಾಡಿದ್ದೂ ಇದನ್ನೇ. ಮರುದಿನ ಫೋನು ಬಂತು: “ಪರದೆ ಕಪ್ಪಗೇ ಇದೆ ಕಣೋ. ರಿಪೇರಿಯವರನ್ನು ಕೇಳಿದೆ, ಮದರ್‌ಬೋರ್ಡ್ ಹೋಗಿರಬೇಕು ಅಂದರು.” ನಾನು ಕೇಳಿದ್ದು ಒಂದೇ ಪ್ರಶ್ನೆ: “ದೊಡ್ಡಮ್ಮ, ಮಾನಿಟರಿನ ಕೇಬಲ್ಲನ್ನು ಹಿಂದುಗಡೆ ಮೇಲಿನ ಪೋರ್ಟುಗಳ ಗುಂಪಿಗೆ ಹಾಕಿದ್ದೀರೋ, ಕೆಳಗಿನದಕ್ಕೋ, ನೋಡಿ ಹೇಳಿ.” ಕೇಬಲ್ಲನ್ನು ಕೆಳಗಿನ ಪೋರ್ಟಿಗೆ ಬದಲಾಯಿಸಿದ ಕೂಡಲೇ ಚಿತ್ರ ಬಂತು. ಪೆಟ್ಟಿಗೆಯ ಹಿಂಬದಿಯಲ್ಲಿ ಏನೇನಿದೆ ಎಂಬುದು ಗೊತ್ತಿದ್ದರೆ, ಕೆಡದೇ ಇರುವ ವಸ್ತುವಿನ ರಿಪೇರಿಗೆ ಹಣ ತೆರುವ ಪ್ರಸಂಗ ಬರುವುದಿಲ್ಲ ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಹೆಸರಿನ ವಿಚಾರ. ನಾವು ಮನೆಗಳಲ್ಲಿ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುತ್ತೇವೆ. ವಾಸ್ತವವಾಗಿ ಸಿಪಿಯು ಎಂದರೆ ಒಳಗಿರುವ ಪ್ರೊಸೆಸರ್ ಚಿಪ್ಪು ಮಾತ್ರ; ಪೆಟ್ಟಿಗೆಯ ಹೆಸರು ಕ್ಯಾಬಿನೆಟ್. “ಸಿಪಿಯು ಕೆಟ್ಟಿದೆ” ಎಂದು ಅಂಗಡಿಯಲ್ಲಿ ಹೇಳಿದರೆ ಕೇಳುವವರಿಗೆ ಬೇರೆಯೇ ಅರ್ಥವಾಗಬಹುದಾದ್ದರಿಂದ, ಈ ವ್ಯತ್ಯಾಸವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕ್ಯಾಬಿನೆಟ್ಟಿನ ಹಿಂಬದಿಗೆ ಕೈ ಹಾಕುವ ಮುನ್ನ ಗೋಡೆಯ ಸ್ವಿಚ್ಚನ್ನು ಆರಿಸಿ. ಕಂಪ್ಯೂಟರನ್ನು ಶಟ್‌ಡೌನ್ ಮಾಡಿದ ಮೇಲೂ ಎಸ್‌ಎಂಪಿಎಸ್, ಒಳಗಿನ ಮುಖ್ಯ ಸರ್ಕಿಟ್ ಹಲಗೆಯಾದ ಮದರ್‌ಬೋರ್ಡಿಗೆ 5 ವೋಲ್ಟಿನ ಸಣ್ಣ ಪೂರೈಕೆಯನ್ನು ಮುಂದುವರಿಸುತ್ತಿರುತ್ತದೆ. ಆರಿಸಿದ ಯಂತ್ರದಲ್ಲೂ ಇಂಟರ್ನೆಟ್ ಪೋರ್ಟಿನ ದೀಪ ಕೆಲವೊಮ್ಮೆ ಉರಿಯುತ್ತಿರುವುದಕ್ಕೆ ಇದೇ ಕಾರಣ. ಎಸ್‌ಎಂಪಿಎಸ್ ಎಂದರೆ ಮನೆಯ 230 ವೋಲ್ಟ್ ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿಕೊಡುವ ಡಬ್ಬಿ. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಅದು ಹಿಂಬದಿಯ ಮೇಲ್ತುದಿಯಲ್ಲಿದ್ದರೆ, ಹೊಸ ಕ್ಯಾಬಿನೆಟ್ಟುಗಳಲ್ಲಿ ಸಾಮಾನ್ಯವಾಗಿ ತಳದಲ್ಲಿರುತ್ತದೆ. ಮೂರು ಚಪ್ಪಟೆ ಪಿನ್ನುಗಳ ಸಾಕೆಟ್ಟನ್ನು ನೋಡಿ ಅದನ್ನು ಗುರುತಿಸಬಹುದು. ಪಕ್ಕದಲ್ಲಿ ಸಣ್ಣ ಸ್ವಿಚ್ ಇದ್ದರೆ, ಗೆರೆಯ ಗುರುತಿನ ಕಡೆ ಒತ್ತಿದಾಗ ಚಾಲೂ, ಸೊನ್ನೆಯ ಕಡೆ ಒತ್ತಿದಾಗ ಬಂದ್. ಮನೆ ಬದಲಾಯಿಸುವಾಗ ಈ ಸ್ವಿಚ್ ಕೈತಾಗಿ ಸೊನ್ನೆಗೆ ಜಾರಿರುವುದುಂಟು. ಕಂಪ್ಯೂಟರ್ ಜೀವವೇ ಇಲ್ಲದಂತೆ ಕಂಡರೆ ಮೊದಲು ನೋಡಬೇಕಾದ್ದು ಇದನ್ನು. ಬಹಳ ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ಚೂ ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲೇ ಇರಬೇಕು. 115ಕ್ಕೆ ತಳ್ಳಿ ವಿದ್ಯುತ್ ಕೊಟ್ಟರೆ ಎಸ್‌ಎಂಪಿಎಸ್ ಸುಡುತ್ತದೆ.

ಉಳಿದ ಪೋರ್ಟುಗಳನ್ನು ಒಂದೊಂದಾಗಿ ನೋಡುವ ಮೊದಲು ಅವು ಎರಡು ಗುಂಪಾಗಿರುವುದನ್ನು ಗಮನಿಸಿ. ಒಂದೇ ತಗಡಿನ ಚೌಕಟ್ಟಿನೊಳಗೆ ಒತ್ತೊತ್ತಾಗಿ ಸೇರಿರುವವು ಮದರ್‌ಬೋರ್ಡಿನ ಪೋರ್ಟುಗಳು. ನಿಂತಿರುವ ಕ್ಯಾಬಿನೆಟ್ಟಿನಲ್ಲಿ ಅವುಗಳ ಕೆಳಗೆ ಅಡ್ಡಡ್ಡ ಪಟ್ಟಿಗಳ ಸಾಲೊಂದಿರುತ್ತದೆ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನಂತಹ ಹೆಚ್ಚುವರಿ ಕಾರ್ಡುಗಳ ಬಾಯಿ ತೆರೆದುಕೊಳ್ಳುವುದು ಅಲ್ಲಿ. ಈ ಸಾಲಿನಲ್ಲಿ ಮಾನಿಟರಿನ ಪೋರ್ಟ್ ಕಂಡರೆ ಯಂತ್ರದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದೆ ಎಂದರ್ಥ, ಮತ್ತು ಮಾನಿಟರಿನ ಕೇಬಲ್ ಅದಕ್ಕೇ ಹೋಗಬೇಕು. ಮಾದರಿ ಸಂಖ್ಯೆಯ ಕೊನೆಯಲ್ಲಿ ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ ಚಿತ್ರ ಮೂಡಿಸುವ ಭಾಗ ಕೆಲಸ ಮಾಡುವುದಿಲ್ಲ. ಅಂತಹ ಯಂತ್ರದ ಮದರ್‌ಬೋರ್ಡಿನಲ್ಲಿ ಮಾನಿಟರಿನ ಎಚ್‌ಡಿಎಂಐ ಪೋರ್ಟ್ ಇದ್ದರೂ ಅದರಿಂದ ಚಿತ್ರ ಬರುವುದಿಲ್ಲ. ದೊಡ್ಡಮ್ಮನ ಮನೆಯಲ್ಲಿ ಆದದ್ದು ಇದೇ. ಕಾರ್ಡಿಲ್ಲದ ಪಟ್ಟಿಗಳು ಮುಚ್ಚಿರಬೇಕು. ಮುಚ್ಚಳ ಕಳಚಿದ ಕಿಂಡಿಯಿಂದ ಧೂಳು ಮಾತ್ರವಲ್ಲ, ಜಿರಳೆಗಳೂ ಒಳಹೋಗುತ್ತವೆ.

ಮಾನಿಟರಿಗೆ ಸಂಬಂಧಿಸಿದ ಪೋರ್ಟುಗಳಲ್ಲಿ ನಾಲ್ಕು ಬಗೆಗಳನ್ನು ನೀವು ಕಾಣಬಹುದು. 1987ರಲ್ಲಿ ಬಂದ ವಿಜಿಎ ಸಾಮಾನ್ಯವಾಗಿ ನೀಲಿ ಬಣ್ಣದ್ದು. ಮೂರು ಸಾಲುಗಳಲ್ಲಿ 15 ತೂತುಗಳು, ಎರಡೂ ಪಕ್ಕದಲ್ಲಿ ಬಿಗಿಯುವ ತಿರುಪು. ಅದರ ಕೇಬಲ್ಲಿನಲ್ಲಿ ನಡುಸಾಲಿನ ಒಂದು ಪಿನ್ ಅನೇಕ ವೇಳೆ ಇರುವುದೇ ಇಲ್ಲ. ಅದು ಮುರಿದದ್ದಲ್ಲ, ತಯಾರಿಕೆಯಲ್ಲೇ ಬಿಟ್ಟದ್ದು. ಅದಕ್ಕಾಗಿ ಹೊಸ ಕೇಬಲ್ ಕೊಳ್ಳಬೇಡಿ. ಡಿವಿಐ ಅದಕ್ಕಿಂತ ಅಗಲವಾಗಿದ್ದು ಹೆಚ್ಚಾಗಿ ಬಿಳಿಯ ಬಣ್ಣದ್ದಾಗಿರುತ್ತದೆ, ಒಂದು ತುದಿಯಲ್ಲಿ ಚಪ್ಪಟೆಯಾದ ಸೀಳು ಇರುತ್ತದೆ. ಆ ಸೀಳಿನ ಸುತ್ತ ನಾಲ್ಕು ತೂತುಗಳು ಇಲ್ಲದ ಪೋರ್ಟಿಗೆ, ನಾಲ್ಕು ಪಿನ್ನುಗಳಿರುವ ಕೇಬಲ್ ಹೋಗುವುದಿಲ್ಲ.

ಜನ ಹೆಚ್ಚು ಗಲಿಬಿಲಿಗೊಳ್ಳುವುದು ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ನಡುವೆ. ಎಚ್‌ಡಿಎಂಐನ ಕೆಳಗಿನ ಎರಡೂ ಮೂಲೆಗಳು ಒಳಕ್ಕೆ ಸವೆದಂತೆ ಇರುತ್ತವೆ. ಡಿಸ್‌ಪ್ಲೇಪೋರ್ಟಿನದು ಒಂದೇ ಮೂಲೆ ಕತ್ತರಿಸಿದಂತಿರುತ್ತದೆ. ಅನೇಕ ಡಿಸ್‌ಪ್ಲೇಪೋರ್ಟ್ ಕೇಬಲ್ಲುಗಳ ತುದಿಯಲ್ಲಿ ಒತ್ತುವ ಗುಂಡಿ ಇದ್ದು, ಅದನ್ನು ಒತ್ತಿ ಹಿಡಿಯದೆ ಎಳೆದರೆ ಪೋರ್ಟೇ ಕಿತ್ತುಬರಬಹುದು. ಕಚೇರಿಗಳು ಬಳಸಿ ಮಾರಿದ ಕಂಪ್ಯೂಟರುಗಳನ್ನು ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಇದನ್ನು ವಿಶೇಷವಾಗಿ ತಿಳಿದಿರಬೇಕು, ಏಕೆಂದರೆ ಅವುಗಳಲ್ಲಿ ಎಷ್ಟೋ ಯಂತ್ರಗಳಿಗೆ ಡಿಸ್‌ಪ್ಲೇಪೋರ್ಟ್ ಇರುತ್ತದೆಯೇ ಹೊರತು ಎಚ್‌ಡಿಎಂಐ ಇರುವುದಿಲ್ಲ. ಅಂಗಡಿಯಲ್ಲಿ ಕೇಬಲ್ ಕೇಳುವಾಗ “ಕಂಪ್ಯೂಟರ್ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ” ಎಂದು ಎರಡೂ ತುದಿಗಳನ್ನು ಹೇಳಿ. ಈ ಅಗ್ಗದ ಕೇಬಲ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ತಿರುಗಿಸಿ ಹಾಕಿದರೆ ತುದಿಗಳು ಸರಿಯಾಗಿ ಕೂತರೂ ಚಿತ್ರ ಬರುವುದಿಲ್ಲ.

ಯುಎಸ್‌ಬಿ ಪೋರ್ಟುಗಳ ಪರಿಚಯ ಎಲ್ಲರಿಗೂ ಇದೆ. ಒಳಗಿನ ನಾಲಿಗೆ ಕಪ್ಪು ಅಥವಾ ಬಿಳಿಯಾಗಿದ್ದರೆ ಸಾಮಾನ್ಯವಾಗಿ ಸೆಕೆಂಡಿಗೆ 480 ಮೆಗಾಬಿಟ್‌ವರೆಗಿನ ಯುಎಸ್‌ಬಿ 2.0, ನೀಲಿಯಾಗಿದ್ದರೆ 5 ಗಿಗಾಬಿಟ್‌ವರೆಗಿನ ಯುಎಸ್‌ಬಿ 3.0. ಕೀಬೋರ್ಡು, ಮೌಸು, ಪ್ರಿಂಟರುಗಳಿಗೆ ಕಪ್ಪು ಪೋರ್ಟ್ ಧಾರಾಳವಾಗಿ ಸಾಕು. ನೀಲಿಯನ್ನು ಪೆನ್‌ಡ್ರೈವಿಗೂ ಹೊರಗಿನ ಹಾರ್ಡ್ ಡಿಸ್ಕಿಗೂ ಉಳಿಸಿಕೊಳ್ಳಿ. ಕೆಂಪು ಮತ್ತು ಹಳದಿ ಬಣ್ಣಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಬಣ್ಣವನ್ನಷ್ಟೇ ನಂಬಬಾರದು. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಯುಎಸ್‌ಬಿಯ ಅಗಲ, ಇಂಟರ್ನೆಟ್ ಕೇಬಲ್ ಹಾಕುವ ಲ್ಯಾನ್ ಪೋರ್ಟಿನ ಬಾಯಿಗೂ ಹೊಂದುತ್ತದೆ. ಕ್ಯಾಬಿನೆಟ್ಟನ್ನು ತಿರುಗಿಸದೆ, ಕತ್ತಲಲ್ಲಿ ತಡಕಾಡಿ ಸಿಕ್ಕಿಸುವವರು ಮೌಸನ್ನು ಲ್ಯಾನ್ ಪೋರ್ಟಿಗೆ ತುರುಕಿ, ಅಲ್ಲಿನ ಎಂಟು ಸೂಕ್ಷ್ಮ ತಂತಿಗಳನ್ನು ಬಗ್ಗಿಸಿದ್ದನ್ನು ನಾನು ನೋಡಿದ್ದೇನೆ. ಮೊಬೈಲ್ ಟಾರ್ಚ್ ಹಿಡಿದು ಕಣ್ಣಿಂದ ನೋಡಿಯೇ ಸಿಕ್ಕಿಸಿ.

ನೇರಳೆ ಮತ್ತು ಹಸಿರಿನ ದುಂಡನೆಯ ಪೋರ್ಟುಗಳಿದ್ದರೆ ಅವು ಪಿಎಸ್/2. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ, ಅರ್ಧರ್ಧ ಬಣ್ಣದ್ದಾದರೆ ಎರಡರಲ್ಲಿ ಯಾವುದಕ್ಕಾದರೂ ಸರಿ. ಇವನ್ನು ಯಂತ್ರ ನಡೆಯುತ್ತಿರುವಾಗ ಹಾಕಿ ತೆಗೆಯಬಾರದು. ಹಳೆಯ ಯಂತ್ರಗಳಲ್ಲಿ ಕಾಣುವ, ವಿಜಿಎಯಷ್ಟೇ ಗಾತ್ರದ, ಆದರೆ 9 ಪಿನ್ನುಗಳು ಹೊರಚಾಚಿರುವ ಪೋರ್ಟ್ ಸೀರಿಯಲ್. ಅಂಗಡಿಗಳ ತೂಕದ ಯಂತ್ರವನ್ನೂ ಬಿಲ್ ಪ್ರಿಂಟರನ್ನೂ ಜೋಡಿಸಲು ಅದು ಬಳಕೆಯಾಗುತ್ತದೆ. 25 ತೂತುಗಳ ಉದ್ದನೆಯದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಪ್ಯಾರಲಲ್ ಪೋರ್ಟ್. ಧ್ವನಿಯ ಸಣ್ಣ ತೂತುಗಳಲ್ಲಿ ತಿಳಿಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನ ಧ್ವನಿಯನ್ನು ಒಳತರಲು. ತುದಿಯಲ್ಲಿ ಮೂರು ಕಪ್ಪು ಉಂಗುರಗಳಿರುವ ಮೊಬೈಲ್ ಹೆಡ್‌ಸೆಟ್ಟನ್ನು ಹಸಿರಿಗೆ ಹಾಕಿದರೆ ಕೇಳಿಸುತ್ತದೆ, ಆದರೆ ನಿಮ್ಮ ಮಾತು ಆ ಕಡೆಯವರಿಗೆ ಹೋಗುವುದಿಲ್ಲ. ಅದಕ್ಕೆ ಎರಡು ಕವಲಿನ ಸ್ಪ್ಲಿಟರ್ ಬೇಕು.

ಇನ್ನು ದೀಪಗಳು. ನನ್ನ ಅನುಭವದಲ್ಲಿ ದೋಷ ಹುಡುಕಲು ಇವುಗಳಷ್ಟು ನೆರವಾಗುವುದು ಬೇರೆ ಯಾವುದೂ ಇಲ್ಲ. ಮುಂಬದಿಯಲ್ಲಿ, ವೃತ್ತದ ಮೇಲೊಂದು ಗೆರೆಯಿರುವ ಗುಂಡಿ ಪವರ್ ಬಟನ್. ಅದರ ದೀಪ ಒಂದೇ ಸಮನೆ ಉರಿಯುತ್ತಿದ್ದರೆ ಯಂತ್ರ ಚಾಲೂ ಆಗಿದೆ, ನಿಧಾನವಾಗಿ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಸ್ಲೀಪ್ ಸ್ಥಿತಿಯಲ್ಲಿದೆ. ಕೆಲವು ಬ್ರ್ಯಾಂಡೆಡ್ ಕಚೇರಿ ಯಂತ್ರಗಳಲ್ಲಿ ಇದೇ ದೀಪ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗಿ ನಿರ್ದಿಷ್ಟ ಲೆಕ್ಕದಲ್ಲಿ ಮಿನುಗಿ ದೋಷವನ್ನು ತಿಳಿಸುತ್ತದೆ. ಎಷ್ಟು ಸಲ ಮಿನುಗಿತು ಎಂದು ಎಣಿಸಿ ಬರೆದಿಡಿ. ಆ ಮಾದರಿಯ ಕೈಪಿಡಿಯಲ್ಲಿ ಅದರ ಅರ್ಥ ಸಿಗುತ್ತದೆ. ಪಕ್ಕದಲ್ಲಿ ಡಬ್ಬಿಯ ಆಕಾರದ ಗುರುತಿನ ಸಣ್ಣ ದೀಪವಿದ್ದರೆ ಅದು ಹಾರ್ಡ್ ಡಿಸ್ಕಿನದು, ಡಿಸ್ಕ್ ಕೆಲಸ ಮಾಡುವಾಗ ಮಿಣಮಿಣ ಎನ್ನುತ್ತದೆ.

ಪರದೆ ಕಪ್ಪಗಿರುವಾಗ ಕ್ಯಾಬಿನೆಟ್ಟಿನ ಮತ್ತು ಮಾನಿಟರಿನ ದೀಪಗಳನ್ನು ಜೊತೆಗಿಟ್ಟು ನೋಡಬೇಕು. ಎರಡೂ ಆರಿದ್ದರೆ ವಿದ್ಯುತ್ತೇ ಬರುತ್ತಿಲ್ಲ: ಗೋಡೆಯ ಸ್ವಿಚ್, ಎಕ್ಸ್‌ಟೆನ್ಶನ್ ಬೋರ್ಡ್, ಯುಪಿಎಸ್ ಈ ಕ್ರಮದಲ್ಲಿ ಪರೀಕ್ಷಿಸಿ. ಕ್ಯಾಬಿನೆಟ್ಟಿನ ದೀಪ ಉರಿಯುತ್ತಿದ್ದು ಮಾನಿಟರಿನದು ಪೂರ್ತಿ ಆರಿದ್ದರೆ ಮಾನಿಟರಿನ ಪವರ್ ಕೇಬಲ್ ಸಡಿಲವಾಗಿರಬಹುದು. ಮಾನಿಟರಿನ ದೀಪ ಕಿತ್ತಳೆಗೆ ತಿರುಗಿದ್ದರೆ ಅಥವಾ ಮಿನುಗುತ್ತಿದ್ದರೆ, ಅದಕ್ಕೆ ವಿದ್ಯುತ್ ಸಿಗುತ್ತಿದೆ, ಚಿತ್ರದ ಸಂಕೇತ ಸಿಗುತ್ತಿಲ್ಲ ಎಂದರ್ಥ. ಆಗ ಕೇಬಲ್ಲಿನ ಎರಡೂ ತುದಿಗಳನ್ನು, ಅದು ಸರಿಯಾದ ಗುಂಪಿನ ಪೋರ್ಟಿನಲ್ಲಿದೆಯೇ ಎಂಬುದನ್ನು, ಮಾನಿಟರಿನ ಮೆನುವಿನಲ್ಲಿ ಆರಿಸಿರುವ ಇನ್‌ಪುಟ್ಟನ್ನು ನೋಡಿ. ಇಷ್ಟಾದರೂ ಚಿತ್ರ ಬಾರದಿದ್ದರೆ ಮಾತ್ರ ರ್‍ಯಾಮ್, ಮದರ್‌ಬೋರ್ಡುಗಳ ಮಾತು.

ಇಂಟರ್ನೆಟ್ಟಿನ ವಿಷಯದಲ್ಲೂ ಹೀಗೆಯೇ. ಲ್ಯಾನ್ ಪೋರ್ಟಿನಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ದೀಪಗಳಿರುತ್ತವೆ: ಅವು ಸಂಪರ್ಕವನ್ನೂ ವೇಗವನ್ನೂ ಮಾಹಿತಿ ಹರಿಯುತ್ತಿರುವುದನ್ನೂ ಸೂಚಿಸುತ್ತವೆ. ಎರಡೂ ಉರಿಯದಿದ್ದರೆ ಕೇಬಲ್ಲೋ ರೂಟರೋ ಕಾರಣ. ಅವು ಉರಿಯುತ್ತಿದ್ದೂ ಇಂಟರ್ನೆಟ್ ಇಲ್ಲವಾದರೆ ಫೈಬರ್ ಪೆಟ್ಟಿಗೆಯನ್ನು ನೋಡಿ. ಅಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಹೊತ್ತಿದ್ದರೆ ಹೊರಗಿನಿಂದ ಬರುವ ಫೈಬರಿನಲ್ಲಿ ಬೆಳಕಿನ ಸಂಕೇತವೇ ಬರುತ್ತಿಲ್ಲ. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಫೈಬರ್ ತೂಗಾಡುವ ನಮ್ಮ ಬೀದಿಗಳಲ್ಲಿ, ಒಂದು ಕೊಂಬೆ ಬಿದ್ದರೂ ಇದು ಸಂಭವಿಸಬಹುದು. ಕಂಪ್ಯೂಟರಿನಲ್ಲಿ ಯಾವ ದೋಷವೂ ಇಲ್ಲ. ಸೇವೆ ಕೊಡುವವರಿಗೆ ದೂರು ಕೊಡುವಾಗ ಈ ಕೆಂಪು ದೀಪವನ್ನು ಹೆಸರಿಸಿ ಹೇಳಿದರೆ ನಿಮ್ಮ ಕೆಲಸ ಬೇಗ ಆಗುತ್ತದೆ.

ಮುಂದಿನ ಸಲ ವೈರು ಕೀಳುವ ಮೊದಲು ಹಿಂಬದಿಯ ಫೋಟೊ ತೆಗೆದುಕೊಳ್ಳಿ, ಪ್ರತಿ ಕೇಬಲ್ಲಿನ ತುದಿಗೂ ಕಾಗದದ ಟೇಪು ಸುತ್ತಿ “ಮಾನಿಟರ್, ಕೆಳಗಿನ ಪೋರ್ಟ್” ಎಂಬಂತೆ ಬರೆಯಿರಿ. ಮರಳಿ ಜೋಡಿಸುವಾಗ ಮಾನಿಟರ್, ಕೀಬೋರ್ಡು, ಮೌಸು, ಲ್ಯಾನ್ ಎಲ್ಲವೂ ಮೊದಲು. ಪವರ್ ಕೇಬಲ್ಲನ್ನು ಕಟ್ಟಕಡೆಗೆ ಸಿಕ್ಕಿಸಿ, ಆಮೇಲೆ ಗೋಡೆಯ ಸ್ವಿಚ್ ಹಾಕಿ.