ಎಚ್‌ಪಿವಿ ಲಸಿಕೆ: ಪೋಷಕರ ಸಭೆಯಲ್ಲಿ ಮಾತಾಡುವುದು ಹೇಗೆ?

ಎಚ್‌ಪಿವಿ ಅಂದರೆ ಹೆಂಗಸರಲ್ಲಿ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತರಬಲ್ಲ ಒಂದು ವೈರಸ್. 2024ರ ಫೆಬ್ರವರಿ ಮೊದಲ ವಾರದಲ್ಲಿ ಈ ಹೆಸರು ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಒಂದನೇ ತಾರೀಖು ಕೇಂದ್ರದ ಮಧ್ಯಂತರ ಬಜೆಟ್‌ನಲ್ಲಿ ಇದನ್ನು ತಡೆಯುವ ಲಸಿಕೆಯ ಮಾತು ಬಂತು. ಮರುದಿನ ನಟಿಯೊಬ್ಬರು ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರು ಎಂಬ ಸುದ್ದಿ. ಅದರ ಮರುದಿನ ಆಕೆಯೇ ವಿಡಿಯೊದಲ್ಲಿ ಬಂದು ಜಾಗೃತಿಗಾಗಿ ಹೀಗೆ ಮಾಡಿದೆ ಅಂದರು. ಸರಿ, ಹೆಸರೇನೋ ಗೊತ್ತಾಯಿತು. ಆದರೆ ಮಗಳಿಗೆ ಯಾವ ವಯಸ್ಸಿಗೆ, ಎಲ್ಲಿ, ಎಷ್ಟು ದುಡ್ಡಿಗೆ, ಹಾಕಿಸಿದ ಮೇಲೆ ಏನಾಗುತ್ತದೆ ಎಂಬುದು ತಿಳಿಯದೆ ಯಾವ ತಾಯಿ ಆಸ್ಪತ್ರೆಗೆ ಹೋಗುತ್ತಾಳೆ?

ನೀವು ಶಿಕ್ಷಕರೋ, ಆಶಾ ಕಾರ್ಯಕರ್ತೆಯೋ, ಸ್ತ್ರೀಶಕ್ತಿ ಸಂಘದವರೋ ಆಗಿದ್ದರೆ ಇದನ್ನೆಲ್ಲ ತಿಳಿಸುವ ಪೋಷಕರ ಸಭೆಯನ್ನು ನೀವೇ ನಡೆಸಬಹುದು. ಸಾಧ್ಯವಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ನರ್ಸ್ ಅನ್ನೋ ಕರೆಸಿ.

1. ಮೊದಲು ಕೇಳಿಸಿಕೊಳ್ಳಿ

ಭಾಷಣ ಬೇಡ. ಯಾರಿಗೆ ಏನು ಗೊತ್ತು ಎಂದು ಕೇಳಿ. ಕೆಲವರು ಇದರ ಬಗ್ಗೆ ಕೇಳಿಯೇ ಇರುವುದಿಲ್ಲ. ಕೆಲವರು ಕೇಳಿ ಹೆದರಿರುತ್ತಾರೆ. ಇನ್ನು ಕೆಲವರಿಗೆ ಹಾಕಿಸುವ ಮನಸ್ಸಿದೆ, ದಾರಿ ಗೊತ್ತಿಲ್ಲ. ಮೂವರಿಗೂ ಒಂದೇ ಕರಪತ್ರ ಹಂಚಿದರೆ ಉಪಯೋಗವಿಲ್ಲ. ಅಪ್ಪಂದಿರನ್ನೂ ಕರೆಯಿರಿ. ದುಡ್ಡಿನ ತೀರ್ಮಾನ ಎಷ್ಟೋ ಮನೆಗಳಲ್ಲಿ ಅವರದ್ದೇ ಅಲ್ವಾ?

2. ಕ್ಯಾನ್ಸರ್‌ನಿಂದ ಮಾತು ಶುರು ಮಾಡಿ

ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆ ಇದೆ ಎಂಬಲ್ಲಿಂದ ಶುರು ಮಾಡಿದರೆ ಹಿಂದಿನ ಸಾಲಿನವರು ಆಕಳಿಸುತ್ತಾರೆ. ಇಷ್ಟು ಹೇಳಿ ಸಾಕು: ಭಾರತದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ, 70 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಜಗತ್ತಿನಲ್ಲಿ ಹತ್ತರಲ್ಲಿ ಸುಮಾರು ಏಳು ಕೇಸಿಗೆ ಎಚ್‌ಪಿವಿಯ 16 ಮತ್ತು 18ನೇ ಬಗೆಗಳೇ ಕಾರಣ. ಲಸಿಕೆ ತಡೆಯುವುದು ಮುಖ್ಯವಾಗಿ ಇವನ್ನೇ. ಸ್ಕಾಟ್ಲೆಂಡಿನಲ್ಲಿ 12–13ನೇ ವಯಸ್ಸಿನಲ್ಲಿ ಪೂರ್ತಿ ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರಿನ ಒಂದೂ ಕೇಸ್ ಸಿಗಲಿಲ್ಲ ಎಂದು 2024ರಲ್ಲಿ ವರದಿಯಾಯಿತು.

3. ಮುಜುಗರದ ಪ್ರಶ್ನೆಯನ್ನು ನೀವೇ ಎತ್ತಿ

ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ಸಿಗೆ 9–14ರ ಹುಡುಗಿಗೆ ಯಾಕೆ ಚುಚ್ಚುಮದ್ದು? ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಎಲ್ಲರ ಮನಸ್ಸಲ್ಲೂ ಇರುತ್ತದೆ. ಉತ್ತರ ಸುಲಭ. ಲಸಿಕೆ ಸೋಂಕು ಬರದಂತೆ ತಡೆಯುತ್ತದೆಯೇ ಹೊರತು, ಬಂದದ್ದನ್ನು ವಾಸಿ ಮಾಡುವುದಿಲ್ಲ. ಅದಕ್ಕೇ ಮೊದಲೇ ಹಾಕಬೇಕು. ಚಿಕ್ಕ ವಯಸ್ಸಿನ ದೇಹ ಲಸಿಕೆಗೆ ಚೆನ್ನಾಗಿ ಸ್ಪಂದಿಸುತ್ತದೆ ಕೂಡ. ಇನ್ನೊಂದು ಮಾತು ಸೇರಿಸಿ: ಹೆಪಟೈಟಿಸ್ ಬಿ ಕೂಡ ಹೀಗೆ ಹರಡಬಲ್ಲದು, ಅದರ ಲಸಿಕೆಯನ್ನು ಮಗು ಹುಟ್ಟಿದ ದಿನವೇ ಹಾಕುತ್ತೇವೆ. ಆಗ ಯಾರೂ ಮಗುವಿನ ನಡತೆಯ ಬಗ್ಗೆ ಚಿಂತೆ ಮಾಡಲಿಲ್ಲ.

4. ಖಮ್ಮಂ ಕಥೆಯನ್ನು ಮುಚ್ಚಿಡಬೇಡಿ

ಸಭೆಯ ಕಷ್ಟದ ಭಾಗ ಇದು. ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಆಂಧ್ರದಲ್ಲಿ ಮಕ್ಕಳು ಸತ್ತಿದ್ವಂತೆ." ನುಣುಚಿಕೊಂಡರೆ ಸಭೆ ಅಲ್ಲಿಗೆ ಮುಗಿಯಿತು.

ನಡೆದದ್ದು ಹೀಗೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಒಂದು ಪ್ರಾಯೋಗಿಕ ಯೋಜನೆಯಡಿ ಹುಡುಗಿಯರಿಗೆ ಲಸಿಕೆ ಹಾಕಿದರು. ಮುಂದೆ ಅವರಲ್ಲಿ ಏಳು ಮಂದಿ ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಯೋಜನೆ ನಿಲ್ಲಿಸಿತು. ನೀರಲ್ಲಿ ಮುಳುಗಿದ್ದು, ಹಾವು ಕಡಿದದ್ದು, ಕೀಟನಾಶಕ, ಮಲೇರಿಯಾ, ಹೀಗೆ ಬೇರೆ ಬೇರೆ ಕಾರಣಗಳು ಹೊರಬಂದವು. ಲಸಿಕೆಯಿಂದ ಸತ್ತರು ಎನ್ನಲು ವಿಚಾರಣಾ ಸಮಿತಿಗೆ ಆಧಾರ ಸಿಗಲಿಲ್ಲ. ಆದರೆ ತಪ್ಪು ಖಂಡಿತ ಆಗಿತ್ತು. ಎಷ್ಟೋ ಕಡೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿಯೇ ಖಂಡಿಸಿತು. ಹೇಳದೆ ಕೇಳದೆ ಹಾಕಿದ್ದರ ಬೆಲೆಯನ್ನು ಲಸಿಕೆ ವರ್ಷಗಟ್ಟಲೆ ತೆತ್ತಿತು ಎಂದೇ ನನ್ನ ಅನಿಸಿಕೆ. ಹಾಗಾಗಿ ನಿಮ್ಮ ಶಾಲೆಯಲ್ಲಿ ಒಪ್ಪಿಗೆ ಪತ್ರವನ್ನು ಮನೆಗೆ ಕಳಿಸಿ, ಓದಲು ಸಮಯ ಕೊಡಿ. ಬೇಡ ಅಂದವರ ಮೇಲೆ ಒತ್ತಡ ಬೇಡ.

ಈ ಕಥೆಗೆ ಇನ್ನೊಂದು ತುದಿಯೂ ಇದೆ. ಅದೇ ಹೊತ್ತಿಗೆ ದೇಶದ ಬೇರೆ ಊರುಗಳಲ್ಲಿ ಎರಡು ಡೋಸ್ ಸಾಕೇ, ಮೂರು ಬೇಕೇ ಎಂಬ ಅಧ್ಯಯನ ನಡೆದಿತ್ತು. ಅದೂ ಅರ್ಧಕ್ಕೆ ನಿಂತು ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತು. ಹತ್ತು ವರ್ಷ ಗಮನಿಸಿದರೆ ಆ ಒಂದೇ ಡೋಸ್ ಕೂಡ ಹೆಚ್ಚುಕಡಿಮೆ ಎರಡು, ಮೂರು ಡೋಸ್‌ಗಳಷ್ಟೇ ರಕ್ಷಣೆ ಕೊಟ್ಟಿತ್ತು! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೂಡ ಆಗಬಹುದು ಎಂದಾಗ ಇಂಥ ಪುರಾವೆಗಳೂ ಮುಂದಿದ್ದವು.

5. ತಲೆಸುತ್ತಿಗೆ ತಯಾರಾಗಿ

ತೋಳು ನೋಯುತ್ತದೆ, ಸಣ್ಣ ಜ್ವರ ಬರಬಹುದು, ಕೆಲವರು ಹೆದರಿಕೆಗೆ ತಲೆಸುತ್ತಿ ಬೀಳಬಹುದು. ಇದನ್ನು ಮೊದಲೇ ಹೇಳಿ. 2014ರಲ್ಲಿ ಕೊಲಂಬಿಯಾದ ಕಾರ್ಮೆನ್ ದೆ ಬೊಲಿವಾರ್ ಎಂಬ ಊರಿನಲ್ಲಿ ಲಸಿಕೆ ಪಡೆದ ಕೆಲವು ಹುಡುಗಿಯರು ಕುಸಿದು ಬಿದ್ದರು. ವಿಡಿಯೊ ಹರಡಿತು. ನೂರಾರು ಹುಡುಗಿಯರು ಆಸ್ಪತ್ರೆ ಸೇರಿದರು. ಲಸಿಕೆಯಿಂದ ಆದದ್ದಲ್ಲ, ಭಯ ಗುಂಪಿಗೆ ಹರಡಿದ್ದು ಎಂದು ತನಿಖೆ ಹೇಳುವಷ್ಟರಲ್ಲಿ ದೇಶದಲ್ಲಿ ಲಸಿಕೆ ಹಾಕಿಸಿಕೊಳ್ಳುವವರೇ ಕಡಿಮೆಯಾಗಿದ್ದರು. ಆದ್ದರಿಂದ ತಿಂಡಿ ತಿಂದು ಬರಲು ಹೇಳಿ. ಕೂರಿಸಿಯೇ ಚುಚ್ಚಿ, 15 ನಿಮಿಷ ಅಲ್ಲೇ ಇರಿಸಿ. ಸರದಿಯಲ್ಲಿರುವ ಮಕ್ಕಳಿಗೆ ಸೂಜಿ ಕಾಣದಂತೆ ಒಂದು ಪರದೆ ಇರಲಿ.

6. ವದಂತಿಗೆ ಅಂಕಿಅಂಶವಷ್ಟೇ ಸಾಲದು

ಐರ್ಲೆಂಡಿನಲ್ಲಿ ವದಂತಿಯಿಂದ ಲಸಿಕೆ ಹಾಕಿಸಿಕೊಳ್ಳುವವರ ಪ್ರಮಾಣ ಸುಮಾರು ಶೇ 87ರಿಂದ 50ರ ಆಸುಪಾಸಿಗೆ ಇಳಿದಿತ್ತು. ಆಗ ಗರ್ಭಕಂಠದ ಕ್ಯಾನ್ಸರ್ ಇದ್ದ ಲಾರಾ ಬ್ರೆನನ್ ಎಂಬ ಯುವತಿ ತಾನೇ ಮುಂದೆ ಬಂದು ಆರೋಗ್ಯ ಇಲಾಖೆಯ ಪ್ರಚಾರದಲ್ಲಿ ಮಾತಾಡಿದಳು. 2019ರಲ್ಲಿ 26ನೇ ವಯಸ್ಸಿಗೆ ತೀರಿಕೊಂಡಳು, ಅಷ್ಟರಲ್ಲಿ ಪ್ರಮಾಣ ಮತ್ತೆ ಏರಿತ್ತು. ನಿಮ್ಮೂರಲ್ಲೂ ಕಾಯಿಲೆ ಕಂಡ ಕುಟುಂಬ ಇರಬಹುದು. ಅವರಾಗಿಯೇ ಒಪ್ಪಿದರೆ ಮಾತ್ರ ಮಾತಾಡಿಸಿ.

7. ತಾರೀಖು, ಜಾಗ, ದುಡ್ಡು

ಇದನ್ನು ಹೇಳದೆ ಯಾರನ್ನೂ ಮನೆಗೆ ಕಳಿಸಬೇಡಿ. ಸಿಕ್ಕಿಂ 2018ರಲ್ಲಿ 9–14ರ ಹುಡುಗಿಯರಲ್ಲಿ ಶೇ 97ರಷ್ಟು ಮಂದಿಗೆ ಲಸಿಕೆ ತಲುಪಿಸಿತು. ಲಸಿಕೆ ಶಾಲೆಗೇ ಬಂತು, ಶಾಲೆ ಬಿಟ್ಟವರಿಗೆ ಆರೋಗ್ಯ ಕೇಂದ್ರದಲ್ಲಿ ಸಿಕ್ಕಿತು. ನಿಮ್ಮ ತಾಲ್ಲೂಕಿನಲ್ಲಿ ಉಚಿತವಾಗಿ ಸಿಗುತ್ತದೆಯೇ ಎಂದು ಸಭೆಗೆ ಮುಂಚೆಯೇ ವಿಚಾರಿಸಿ. ಖಾಸಗಿಯಾಗಿ ಹಾಕಿಸುವುದಾದರೆ ದರ ಕೇಳಿಟ್ಟುಕೊಳ್ಳಿ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದಾಗ ಡೋಸ್‌ಗೆ 2,000 ರೂಪಾಯಿ ಇತ್ತು. ಎಷ್ಟು ಡೋಸ್ ಬೇಕು ಎಂಬುದನ್ನು ವೈದ್ಯರೇ ಹೇಳಲಿ.

ಹೊರಡುವ ಮುಂಚೆ ತಾಯಂದಿರಿಗೆ ಅವರದೇ ಒಂದು ಕೆಲಸ ಹೇಳಿ: 30 ದಾಟಿದವರು ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಬೇಕು. ಲಸಿಕೆ ಪಡೆದ ಮಗಳಿಗೂ ಮುಂದೆ ಈ ತಪಾಸಣೆ ತಪ್ಪುವುದಿಲ್ಲ.